ಗುಂಡಿಗೆ ಬಿದ್ದ ಚೆನ್ನ

ಚಾಮರಾಜನಗರದ ಡ್ರಾಯಿಂಗ್ ಮೇಷ್ಟ್ರು ನಂಜಯ್ಯ ಒಬ್ಬ ಹುಡುಗನನ್ನು ಆನೆ ಹಿಡಿಯುವ ಗುಂಡಿಗೆ ಕೆಡವಿ, ಮೇಲಕ್ಕೆತ್ತುವ ದಾರಿ ಕಾಣದೆ ಕೂತ ಕತೆ ಇದು. ಹುಡುಗ ಕಾಗದದ ಮೇಲಿನವನು. ಮೈಸೂರಿನ ಒಂದು ವಾರಪತ್ರಿಕೆಯ ಕೊನೆಯ ಪುಟದಲ್ಲಿ ಬರುತ್ತಿದ್ದ ‘ಕಾಡುಮರಿ ಚೆನ್ನ’ ಎಂಬ ಚಿತ್ರಕಥೆಯವನು. ಕಾಗದದವನು ತಾನೆ, ಗುಂಡಿಯಲ್ಲಿದ್ದರೇನು ಗುಡ್ಡದ ಮೇಲಿದ್ದರೇನು ಎಂದು ನೀವು ಅನ್ನಬಹುದು. ನಂಜಯ್ಯನ ಮುಂದೆ ಹಾಗೆ ಅಂದಿದ್ದರೆ ಅವನು ಎದ್ದು ಹೋಗುತ್ತಿದ್ದ.

ಐವತ್ತಾರನೇ ಇಸವಿಯ ಮಾತು. ಆಗ ನಂಜಯ್ಯನಿಗೆ ಮೂವತ್ತರ ಮೇಲಾಗಿತ್ತು. ಬಡಕಲು ಮೈ, ಉದ್ದ ಕೋಟು, ಬೆರಳ ತುದಿಗೆ ಯಾವಾಗಲೂ ಅಂಟಿಕೊಂಡಿರುತ್ತಿದ್ದ ಇಂಡಿಯನ್ ಇಂಕಿನ ಕಪ್ಪು. ಊಟಕ್ಕೆ ಕೂತರೂ ಆ ಕಪ್ಪು ಹೋಗುತ್ತಿರಲಿಲ್ಲ; ಅವನ ಹೆಂಡತಿ ಮಹಾಲಕ್ಷ್ಮಮ್ಮ ಮದುವೆಯಾದ ಹೊಸದರಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿಸಿ ನೋಡಿ, ಆಮೇಲೆ ಕೈಬಿಟ್ಟಿದ್ದಳು. ಹುಟ್ಟಿದ್ದು ಗುಂಡ್ಲುಪೇಟೆಯಿಂದಾಚೆ, ಕಾಡಿನ ಅಂಚಿನ ಹಂಗಳದಲ್ಲಿ. ತಾಯಿ ಹೆತ್ತು ಹೋದಳು. ಸಾಕಿದವಳು ಅಕ್ಕ ಚಿಕ್ಕಮಾದಮ್ಮ.

ಅಕ್ಕ ರಾಗಿ ಬೀಸುವಾಗ ಈ ಪೋರ ಕಲ್ಲಿನ ಪಕ್ಕ ಕೂತು ಬಾಯಿಗೆ ಬಂದ ಕತೆ ಕಟ್ಟಿ ಹೇಳುತ್ತಿದ್ದ. ಕಲ್ಲು ತಿರುಗಿಸುತ್ತಲೇ ಅವಳು “ಹ್ಞೂಂ” ಅನ್ನುತ್ತಿದ್ದಳು. ನಮ್ಮ ಕಡೆ ಕತೆ ಹೇಳುವವನೊಬ್ಬನಿದ್ದರೆ ಸಾಲದು, ಹ್ಞೂಂಗುಟ್ಟುವವರೊಬ್ಬರು ಬೇಕೇ ಬೇಕು. ಹ್ಞೂಂ ಬಿದ್ದರೆ ಕತೆ ಮುಂದಕ್ಕೆ ನಡೆಯುತ್ತದೆ. ಹ್ಞೂಂ ನಿಂತಿತೋ, ಹೇಳುವವನು ಬಾಯಿ ಮುಚ್ಚಿ ಚಾಪೆ ಸುತ್ತಬೇಕು. ಹ್ಞೂಂ ಬೀಳದೆ ಮುಂದಕ್ಕೊಯ್ದ ಕತೆ ಹೇಳಿದವನ ಮನೆ ಬಾಗಿಲಲ್ಲೇ ಬಂದು ಕೂರುತ್ತದೆ ಎಂದು ಹಂಗಳದ ಮುದುಕಿಯರು ಮಕ್ಕಳನ್ನು ಹೆದರಿಸುತ್ತಿದ್ದರು.

ಚಿಕ್ಕಮಾದಮ್ಮನ ಹ್ಞೂಂ ಅಂದರೆ ಅದೇನು ಸಾಮಾನ್ಯದ್ದೇ! ಒಪ್ಪಿಗೆಯಾದರೆ ಥಟ್ಟನೆ ಬೀಳುತ್ತಿತ್ತು. ಅನುಮಾನವಿದ್ದರೆ ಕಲ್ಲು ಅರ್ಧ ಸುತ್ತು ಸುತ್ತಿದ ಮೇಲೆ ಎಳೆದುಕೊಂಡು ಬರುತ್ತಿತ್ತು. ಸುಳ್ಳು ಅನ್ನಿಸಿದರೆ ಬರುತ್ತಲೇ ಇರಲಿಲ್ಲ. ಆಗ ನಂಜ ಹಿಂದಕ್ಕೆ ಹೋಗಿ, ಹುಲಿಯನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಿ, ಬೇರೆ ದಾರಿ ಹುಡುಕುತ್ತಿದ್ದ. ಅಕ್ಕ ಒಂದು ದಿನವೂ ಹೀಗೆ ಮಾಡು ಹಾಗೆ ಮಾಡು ಎಂದವಳಲ್ಲ. ಅಷ್ಟು ದೊಡ್ಡ ಮೇಷ್ಟ್ರಾಗಿ, ಪತ್ರಿಕೆಯಲ್ಲಿ ಹೆಸರು ಅಚ್ಚಾದ ಮೇಲೂ ನಂಜಯ್ಯ ಈ ಪರಿಪಾಠ ಬಿಟ್ಟಿರಲಿಲ್ಲ. ಶನಿವಾರ ಅರ್ಧ ದಿನ ಸ್ಕೂಲು ಮುಗಿಸಿ ಬಸ್ಸು ಹತ್ತಿ ಗುಂಡ್ಲುಪೇಟೆ, ಅಲ್ಲಿಂದ ಇನ್ನೊಂದು ಬಸ್ಸಿಗೆ ಹಂಗಳ. ಭಾನುವಾರ ಅಕ್ಕನಿಗೆ ಆ ವಾರದ ಕಂತು ಹೇಳುವುದು, ಹ್ಞೂಂ ಬಿದ್ದಷ್ಟನ್ನು ವಾಪಸ್ ಬಂದು ಬರೆಯುವುದು, ಸುರುಳಿ ಸುತ್ತಿ ಬೆಳಗಿನ ರೈಲಿನಲ್ಲಿ ಮೈಸೂರಿಗೆ ಕಳಿಸುವುದು.

ಇನ್ನು ಚೆನ್ನ ಯಾರು ಎಂಬುದನ್ನು ಹೇಳಬೇಕು. ಚಿಕ್ಕಮಾದಮ್ಮನಿಗೆ ಒಬ್ಬನೇ ಮಗ, ರಾಚ. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಅವನೊಬ್ಬನೇ. ಸೋದರಮಾವ ಎಂದು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿವಿ ಚುಚ್ಚಿಸಿದವನು ನಂಜಯ್ಯ. ಗುಂಡ್ಲುಪೇಟೆಯ ಅಕ್ಕಸಾಲಿಯ ಹತ್ತಿರ ತಾನೇ ನಿಂತು, ಎಳೆ ತಿರುಚಿದ ತಾಮ್ರದ ಕಡಕು ಮಾಡಿಸಿ ಹಾಕಿಸಿದ್ದ. ಒಂದು ದಿನ ದನ ಮೇಯಿಸಲು ಹೋದ ಹುಡುಗ ಬರಲಿಲ್ಲ. ಸಂಜೆ ದನಗಳು ಮಾತ್ರ ತಾವಾಗಿ ಬಂದು ಕೊಟ್ಟಿಗೆಯ ಮುಂದೆ ನಿಂತವು. ಊರವರು ಕಾಡೆಲ್ಲ ಜಾಲಾಡಿದರು. ಆನೆ ತುಳಿದಿದ್ದರೆ ಗುರುತು ಸಿಗಬೇಕಿತ್ತು, ಹುಲಿ ಹೊತ್ತಿದ್ದರೆ ರಕ್ತವಾದರೂ ಕಾಣಬೇಕಿತ್ತು. ಏನೂ ಇಲ್ಲ. ವೈನಾಡಿನ ಲಾರಿಯವರ ಜೊತೆ ಹೋಗಿರಬೇಕು, ಎಲ್ಲೋ ಹೋಟೆಲಿನಲ್ಲಿ ಲೋಟ ತೊಳೆದುಕೊಂಡಿರಬೇಕು ಎಂದು ಊರು ತನಗೆ ತಾನೇ ಸಮಾಧಾನ ಹೇಳಿಕೊಂಡಿತು.

ಚಿಕ್ಕಮಾದಮ್ಮ ಅಳಲಿಲ್ಲ. ಮಾರ್ನಮಿ ಅಮಾವಾಸ್ಯೆಯಲ್ಲಿ ಸತ್ತವರಿಗೆಲ್ಲ ಎಡೆ ಇಡುವಾಗ ಗಂಡನಿಗೆ ಇಟ್ಟಳು, ಅಪ್ಪ ಅವ್ವನಿಗೆ ಇಟ್ಟಳು, ಮಗನಿಗೆ ಇಡಲಿಲ್ಲ. ಎಡೆ ಇಟ್ಟು, ಬಾಗಿಲು ಎಳೆದುಕೊಂಡು, ಸತ್ತವರು ಬಂದು ಉಣ್ಣಲಿ ಎಂದು ಎಲ್ಲರೂ ಜಗಲಿಯ ಮೇಲೆ ಕಾಯುವುದು ನಮ್ಮ ಪದ್ಧತಿ. ಆ ಜಗಲಿಯ ಮೇಲೆ ಕೂತಿದ್ದ ಯಾರಿಗೂ ರಾಚನ ಮಾತೆತ್ತುವ ಧೈರ್ಯವಾಗಲಿಲ್ಲ. ಪ್ರತಿವರ್ಷವೂ ಹಾಗೇ ಆಯಿತು.

ನಂಜಯ್ಯ ಚೆನ್ನನನ್ನು ಕಟ್ಟಿದ್ದು ಆಗಲೇ. ಕಾಡಿನಲ್ಲಿ ದಾರಿ ತಪ್ಪಿದ ದನಗಾಹಿ ಹುಡುಗ. ಮನೆಗೆ ಹೋಗುವ ದಾರಿ ಹುಡುಕುತ್ತ ಹುಡುಕುತ್ತ ಇನ್ನೂ ಒಳಕ್ಕೆ ಹೋಗುತ್ತಾನೆ. ಹೆಸರು ಬೇರೆ ಇಟ್ಟರೂ ನೆತ್ತಿಯ ಮೇಲಿನ ಸುಳಿ ರಾಚನದೇ, ಕಿವಿಯ ಕಡಕು ರಾಚನದೇ. ಮೊದಲ ಕಂತು ಹೇಳಿದಾಗ ಅಕ್ಕನಿಗೆ ಗೊತ್ತಾಗದೆ ಇರುತ್ತದೆಯೇ? ಕಲ್ಲು ಎರಡು ಸುತ್ತು ಸುತ್ತಿತು, ಆಮೇಲೆ “ಹ್ಞೂಂ” ಅಂದಳು. ಅಚ್ಚಾಗಿ ಬಂದ ಪುಟವನ್ನು ರಾಗಿ ಅಂಬಲಿಯ ಗಂಜಿ ಹಚ್ಚಿ ಪಡಸಾಲೆಯ ಗೋಡೆಗೆ ಅಂಟಿಸಿದಳು. ಅಕ್ಷರ ಬಾರದವಳು ಬೆರಳಿಟ್ಟು ಒಂದೊಂದು ಚೌಕವನ್ನೂ ನೋಡುತ್ತಿದ್ದಳು. ವರ್ಷಗಳು ಕಳೆದು ಗೋಡೆ ತುಂಬುತ್ತ ಬಂತು. ಚೆನ್ನ ಜೇನು ಕಿತ್ತ, ಮಡುವಿನಲ್ಲಿ ಈಜಿದ, ಕರಡಿಗೆ ಬೂದಿ ಎರಚಿದ. ಹರವೆ, ಕುದೇರು ಊರುಗಳ ಹುಡುಗರು ಕೂಡ ಪುಟ ಹರಿದು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು.

ಆ ವರ್ಷ ಶ್ರಾವಣದ ಒಂದು ಭಾನುವಾರ ನಂಜಯ್ಯ ಅಕ್ಕನಿಗೆ ಹೊಸ ಕಂತು ಹೇಳುತ್ತಿದ್ದ. ಚೆನ್ನ ಓಡುತ್ತಿದ್ದಾನೆ, ಹಿಂದೆ ಒಂಟಿ ಸಲಗ. ಹಿಂದಿನ ಕಾಲದಲ್ಲಿ ಆನೆ ಹಿಡಿಯಲು ತೋಡಿ, ಆಮೇಲೆ ಎಲ್ಲರೂ ಮರೆತ ಗುಂಡಿ. ಮೇಲೆ ಪೊದೆ ಬೆಳೆದು ಕಾಣದಂತಾಗಿದೆ. ಚೆನ್ನ ಕಾಲಿಟ್ಟ, ಬಿದ್ದ.

ಬೀಸುವ ಕಲ್ಲು ನಿಂತಿತು. ಹ್ಞೂಂ ಬರಲಿಲ್ಲ. ನಂಜಯ್ಯ ಕಾದ. ಅಷ್ಟರಲ್ಲಿ ರಸ್ತೆಯಲ್ಲಿ ಗುಂಡ್ಲುಪೇಟೆಯ ಬಸ್ಸು ಹಾರನ್ ಹೊಡೆಯಿತು. ಅದು ತಪ್ಪಿದರೆ ಸೋಮವಾರ ಸ್ಕೂಲು ತಪ್ಪುತ್ತದೆ. ಅಕ್ಕನಿಗೆ ವಯಸ್ಸಾಯಿತು, ಕಿವಿ ಮಂದವಾಗಿರಬೇಕು ಎಂದುಕೊಂಡು ಎದ್ದು ಓಡಿದ. ಹುಟ್ಟಿದಾಗಿನಿಂದ ಮಾಡದ ತಪ್ಪನ್ನು ಅವತ್ತು ಮಾಡಿದ. ಹ್ಞೂಂ ಇಲ್ಲದೆ ಕತೆಯನ್ನು ಮುಂದಕ್ಕೊಯ್ದ.

ಅದೇನು ಗ್ರಹಚಾರವೋ, ಅವನು ಬರೆದ ಪುಟಗಳಲ್ಲೆಲ್ಲ ಅದೇ ಚೆನ್ನಾಗಿ ಬಂತು. ಇಡೀ ಪುಟಕ್ಕೆ ಒಂದೇ ಚೌಕ. ಮೇಲಿನಿಂದ ನೋಡಿದ ಹಾಗೆ ಕಪ್ಪು ಗುಂಡಿ, ತಳದಲ್ಲಿ ಮುಖ ಮೇಲೆತ್ತಿದ ಪುಟ್ಟ ಹುಡುಗ. ಮೈಸೂರಿನ ಸಂಪಾದಕರು ಭೇಷ್ ಎಂದು ಬರೆದರು. ಚಾಮರಾಜನಗರದಲ್ಲಿ ಬಸವಯ್ಯನ ಕಾಫಿ ಹೋಟೆಲಿನಲ್ಲಿ ಮೇಷ್ಟ್ರಿಗೆ ಬಿಟ್ಟಿ ಕಾಫಿ ಸಿಕ್ಕಿತು. ಮುಂದೇನು ಮೇಷ್ಟ್ರೇ ಎಂದು ಕಂಡಕಂಡವರೆಲ್ಲ ಕೇಳಿದರು. ನಂಜಯ್ಯ ನಗುತ್ತ ಮನೆಗೆ ಬಂದು, ಕಾಗದ ಹಾಸಿ, ಮಸಿಯಲ್ಲಿ ಪೆನ್ನು ಅದ್ದಿ ಕೂತ. ಮುಂದೇನು ಎಂಬುದು ಬರಲಿಲ್ಲ.

ಮೊದಲ ವಾರ ಜ್ವರವೆಂದು ಪತ್ರಿಕೆಗೆ ಬರೆದ. ಎರಡನೇ ವಾರವೂ ಜ್ವರವೇ. ಭಾನುವಾರ ಹಂಗಳಕ್ಕೆ ಹೋದರೆ ಅಕ್ಕ ಮುದ್ದೆ ಹಾಕಿದಳು, ಊರ ಸುದ್ದಿಯೆಲ್ಲ ಹೇಳಿದಳು, ಮಹಾಲಕ್ಷ್ಮಮ್ಮನ ಆರೋಗ್ಯ ವಿಚಾರಿಸಿದಳು. ಅವನು “ಚೆನ್ನ ಗುಂಡೀಲಿ…” ಎಂದು ಬಾಯಿ ತೆಗೆದದ್ದೇ ತಡ, ದನಕ್ಕೆ ನೀರು ಇಟ್ಟಿಲ್ಲ ಎಂದು ಎದ್ದು ಹೋದಳು. ಗೋಡೆಯ ಕಡೆ ನೋಡಿದ. ಗುಂಡಿಯ ಪುಟ ಅಲ್ಲಿರಲಿಲ್ಲ. ಊರೆಲ್ಲ ಹೊಗಳಿದ್ದನ್ನು ಅಕ್ಕ ಅಂಟಿಸಲಿಲ್ಲವಲ್ಲ ಎಂದು ನಂಜಯ್ಯನಿಗೆ ಸಿಟ್ಟು ಬಂತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ. ಮುಂದಿನ ಭಾನುವಾರ ಹಂಗಳಕ್ಕೆ ಹೋಗಲಿಲ್ಲ, ಅದರ ಮುಂದಿನದೂ ಹೋಗಲಿಲ್ಲ.

ಹ್ಞೂಂ ಅನ್ನುವವರು ಅವಳೊಬ್ಬಳೇನಾ ಎಂದು ಹೊರಗೆ ಹುಡುಕಿದ. ಮಹಾಲಕ್ಷ್ಮಮ್ಮನನ್ನು ಕೂರಿಸಿಕೊಂಡು ಹೇಳಿದ. ಪಾಪ, ಅವಳು ಗಂಡನನ್ನು ಸಂತೋಷಪಡಿಸಲು ಎಲ್ಲದಕ್ಕೂ ಹ್ಞೂಂ ಅಂದಳು. ಹಾವು ಬಂದರೂ ಹ್ಞೂಂ, ಹಾವು ಬರದಿದ್ದರೂ ಹ್ಞೂಂ. ಬಸ್ಸಿಗೆ, ಲಾರಿಗೆ ಬೋರ್ಡು ಬರೆಯುವ ಗೆಳೆಯ ಮುನಾವರ್‌ನ ಹತ್ತಿರ ಹೋದ. ಮುನಾವರ್ ಬ್ರಷ್ ಒರೆಸುತ್ತ ಎಲ್ಲ ಕೇಳಿಸಿಕೊಂಡು, “ಇಷ್ಟಕ್ಯಾಕೆ ಮೇಷ್ಟ್ರೇ ತಲೆ ಕೆಡಿಸ್ಕೋತೀರಿ? ಒಂದು ಏಣಿ ಬರ್ದ್ಬುಡಿ” ಅಂದ. ಕಾಫಿ ಹೋಟೆಲಿನ ಬಸವಯ್ಯ, ಬೆಟ್ಟದ ದೇವರು ಮಾದಪ್ಪನನ್ನು ಹುಲಿಯ ಮೇಲೆ ಕೂರಿಸಿ ಕರೆತಂದರೆ ಎಲ್ಲ ಸರಿಹೋಗುತ್ತದೆ ಎಂದ. ನಂಜಯ್ಯ ಏಣಿಯನ್ನೂ ಬರೆದ, ಹುಲಿಯನ್ನೂ ಬರೆದ. ಮೂರು ಚೌಕ ದಾಟುವುದರೊಳಗೆ ಕೈ ನಿಲ್ಲುತ್ತಿತ್ತು. ಕೆಳಗಿದ್ದ ಹುಡುಗ ಏಣಿಯ ಕಡೆ ನೋಡುತ್ತಲೇ ಇರಲಿಲ್ಲ.

ಆಗ ಅವನು ಒಂದು ನೋಟ್‌ಬುಕ್ ತಂದು ದಿನಚರಿ ಬರೆಯತೊಡಗಿದ. ಮನುಷ್ಯರು ಹ್ಞೂಂ ಅನ್ನದಿದ್ದರೆ ಕಾಗದವಾದರೂ ಅನ್ನಲಿ ಎಂಬ ಆಸೆ. ಮೊದಮೊದಲು ಪುಟಗಟ್ಟಲೆ ಬರೆದ: ಬಳ್ಳಿ ಹಿಡಿದು ಹತ್ತಿದರೆ ಹೇಗೆ, ಮಳೆ ಬಂದು ಗುಂಡಿ ತುಂಬಿ ತೇಲಿದರೆ ಹೇಗೆ. ಬರಬರುತ್ತ ಬರಹ ಸಣ್ಣದಾಯಿತು. “ಇವತ್ತೂ ಇಲ್ಲ.” “ಸಂಪಾದಕರ ಕಾಗದ ಬಂದಿದೆ. ಒಡೆಯಲಿಲ್ಲ.” “ಹುಡುಗನ ಮುಖ ಬರೆಯಲು ಹೋದೆ. ಮೂಗು ಬಂತು, ಕಣ್ಣು ಬರಲಿಲ್ಲ. ರಾಚನ ಕಣ್ಣು ಹೇಗಿತ್ತು? ನನಗೆ ಮರೆತುಹೋಗಿದೆ. ಯಾರನ್ನು ಕೇಳಲಿ?” ಇನ್ನೊಂದು ದಿನ ಹೀಗಿದೆ: “ದೊಡ್ಡ ಕೆರೆಯ ಏರಿ ಮೇಲೆ ಹೋಗಿ ನಿಂತಿದ್ದೆ. ಯಾಕೆ ಹೋದೆನೋ ತಿಳಿಯದು. ಮುನಾವರ್ ಆ ಕಡೆಯಿಂದ ಬಂದು, ಬೀಡಿ ಕೊಟ್ಟು, ಮನೆ ತನಕ ಬಿಟ್ಟು ಹೋದ.”

ಅದರ ಮುಂದಿನ ಪುಟಗಳಲ್ಲಿ ಅಕ್ಷರವೇ ಇಲ್ಲ. ಬರೀ ಕಪ್ಪು ಸುತ್ತು. ಪುಟ ತಿರುವಿದರೆ ಇನ್ನೊಂದು ಕಪ್ಪು ಸುತ್ತು. ಕಾಗದ ಹರಿಯುವಷ್ಟು ಒತ್ತಿ ತೀಡಿದ್ದಾನೆ. ಸ್ಕೂಲಿನಲ್ಲಿಯೂ ಅದೇ ಆಯಿತು. ಮಡಕೆ ಬರೆಯುವುದನ್ನು ಕಲಿಸುತ್ತೇನೆಂದು ಬೋರ್ಡಿಗೆ ತಿರುಗಿದವನು ಮಡಕೆಯ ಬಾಯಿ ಬರೆದು, ಅದರೊಳಗೆ ಸೀಮೆಸುಣ್ಣ ತಿಕ್ಕುತ್ತ ತಿಕ್ಕುತ್ತ ನಿಂತುಬಿಟ್ಟ. ಗಂಟೆ ಹೊಡೆದರೂ ತಿರುಗಲಿಲ್ಲ. ಮಕ್ಕಳು ಮೊದಲು ನಕ್ಕರು, ಆಮೇಲೆ ಹೆದರಿ ಹೆಡ್‌ಮೇಷ್ಟ್ರನ್ನು ಕರೆತಂದರು.

ಸಂಪಾದಕರ ಕಾಗದವನ್ನು ಕೊನೆಗೆ ಒಡೆದದ್ದು ಮಹಾಲಕ್ಷ್ಮಮ್ಮ. ಅವಳಿಗೆ ಕೂಡಿಸಿ ಓದುವಷ್ಟು ಬರುತ್ತಿತ್ತು. ಅವರು ಸಿಟ್ಟಿನಲ್ಲೇನೂ ಬರೆದಿರಲಿಲ್ಲ. ಓದುಗರು ಕಾಯುತ್ತಿದ್ದಾರೆ; ಇನ್ನೆರಡು ವಾರದೊಳಗೆ ನಿಮ್ಮ ಪುಟ ಬರದಿದ್ದರೆ ಮೈಸೂರಿನ ಇನ್ನೊಬ್ಬ ಚಿತ್ರಕಾರರಿಂದ ಕಥೆ ಮುಗಿಸುತ್ತೇವೆ, ಅವರು ಹುಡುಗನನ್ನು ಸುಖವಾಗಿ ಮೇಲೆತ್ತಲು ಒಪ್ಪಿದ್ದಾರೆ, ನೀವು ಚಿಂತಿಸಬೇಡಿ ಎಂದು ಮರ್ಯಾದೆಯಿಂದಲೇ ಬರೆದಿದ್ದರು.

ನಂಜಯ್ಯ ಅದನ್ನು ಕೇಳಿ ಗೋಡೆಗೆ ಒರಗಿ ಕೂತ. ಯಾರೋ ಮೈಸೂರಿನವನು. ರಾಚನನ್ನು ಕಂಡವನಲ್ಲ, ಎತ್ತಿಕೊಂಡವನಲ್ಲ. ಅವನು ಒಂದು ಹಗ್ಗ ಇಳಿಬಿಡುತ್ತಾನೆ, ಹುಡುಗ ನಗುನಗುತ್ತ ಹತ್ತಿ ಬರುತ್ತಾನೆ, ಕೆಳಗೆ ‘ಶುಭಂ’ ಎಂದು ಬರೆಯುತ್ತಾನೆ. ತನ್ನ ಅಕ್ಕನ ಮಗನನ್ನು ತಾನು ಗುಂಡಿಗೆ ನೂಕಿ, ಎತ್ತುವ ಕೆಲಸವನ್ನು ಗುರುತಿಲ್ಲದವನಿಗೆ ಕೊಟ್ಟ ಹಾಗಾಯಿತಲ್ಲ ಎಂದುಕೊಂಡ. ಮಹಾಲಕ್ಷ್ಮಮ್ಮ ಅವನ ಕೋಟು ತಂದು ಮಡಿಲಿಗೆ ಹಾಕಿದಳು.

“ನಿಮ್ಮ ಕತೇಗೆ ಹ್ಞೂಂ ಅನ್ನಕೆ ನಂಗೆ ಬರಾಕಿಲ್ಲ. ಅಕ್ಕಾರ ತಾವ್ಕೆ ಓಗಿ. ಕಾಲ್ಗಾರ ಬೀಳಿ, ಬೈಸ್ಕಂಡಾರ ಬನ್ನಿ. ಇಲ್ಲಿ ಇಂಗೆ ಕುಂತ್ಕಬ್ಯಾಡಿ, ನಂಗೆ ಭಯ ಆಯ್ತದೆ.”

ಮದುವೆಯಾದಾಗಿನಿಂದ ಅವಳು ಅವನಿಗೆ ಅಷ್ಟು ನೇರವಾಗಿ ಹೇಳಿದ್ದು ಅದೇ ಮೊದಲು. ನಂಜಯ್ಯ ಕೋಟು ಹಾಕಿಕೊಂಡ.

ಹಂಗಳಕ್ಕೆ ಬಂದಾಗ ಭಾನುವಾರದ ಮಧ್ಯಾಹ್ನ. ಬಿಸಿಲು ಸುಡುತ್ತಿತ್ತು. ಅಕ್ಕ ಪಡಸಾಲೆಯಲ್ಲಿ ಕಾಲು ನೀಡಿಕೊಂಡು ರಾಗಿ ಬೀಸುತ್ತಿದ್ದಳು. ತಮ್ಮ ಬಾಗಿಲಲ್ಲಿ ನಿಂತದ್ದನ್ನು ಕಂಡು, “ಬಾಲಾ ನಂಜ. ಏನ್ಲಾ ಇಂಗಾಗೋಗಿದ್ದೀಯೆ” ಅಂದಳು. ಎದ್ದು ಮಜ್ಜಿಗೆ ಕೊಟ್ಟಳು. ಮತ್ತೆ ಕಲ್ಲಿನ ಮುಂದೆ ಕೂತಳು. ಸುತ್ತ ಗೋಡೆಯ ತುಂಬ ಚೆನ್ನ. ಮರ ಹತ್ತುವ ಚೆನ್ನ, ಮಲಗಿದ ಚೆನ್ನ, ಹಣ್ಣು ತಿನ್ನುವ ಚೆನ್ನ.

ನಂಜಯ್ಯ ಹಳೆಯ ಜಾಗದಲ್ಲಿ, ಕಲ್ಲಿನ ಪಕ್ಕದಲ್ಲಿ ಕೂತ. ಅಕ್ಕ ಈ ಸಲ ಎದ್ದು ಹೋಗಲಿಲ್ಲ. ತಮ್ಮನ ಮುಖ ನೋಡಿ ಎದ್ದು ಹೋಗುವ ಮನಸ್ಸಾಗಲಿಲ್ಲವೋ ಏನೋ. ಅವನು ಕತೆ ತೆಗೆದ. ಮರದ ಬೇರು ಗುಂಡಿಯೊಳಗೆ ಇಳಿಬಿದ್ದಿತ್ತು, ಚೆನ್ನ ಅದನ್ನು ಹಿಡಿದ ಎಂದ. ಕಲ್ಲು ತಿರುಗುತ್ತಿತ್ತು, ಹ್ಞೂಂ ಬರಲಿಲ್ಲ. ಬೇರು ಬಿಟ್ಟ. ಮರಿಯಾನೆ ಗುಂಡಿಗೆ ಬಿದ್ದಾಗ ತಾಯಾನೆ ಕಾಲಿನಿಂದ ಅಂಚು ಕೆಡವಿ ದಾರಿ ಮಾಡುತ್ತದಲ್ಲ, ಹಾಗೆ ಒಂದು ಹೆಣ್ಣಾನೆ ಬಂತು ಎಂದ. ಕಲ್ಲು ತಿರುಗಿತು. ಆನೆಯನ್ನು ವಾಪಸ್ ಕಳಿಸಿದ. ಮಾದಪ್ಪನನ್ನು ಕರೆದ. ಎಲ್ಲೋ ದೂರದಲ್ಲಿ ಕಂಸಾಳೆಯ ಸದ್ದು ಕೇಳಿಸಿತು, ಗುಂಡಿಯ ಅಂಚಿನಲ್ಲಿ ಹುಲಿಯ ಪಾದ ಕಾಣಿಸಿತು ಎಂದ. ದೇವರ ಹೆಸರಿಗಾದರೂ ಹ್ಞೂಂ ಅಂದಾಳು ಎಂಬ ಆಸೆ. ಚಿಕ್ಕಮಾದಮ್ಮ ಒಂದು ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಹಾಕಿದಳು, ಅಷ್ಟೆ.

ನಂಜಯ್ಯನಿಗೆ ತಡೆಯಲಾಗಲಿಲ್ಲ. ಕಪ್ಪು ಹತ್ತಿದ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ.

“ನನ್ ಕೈಲಿ ಆಗಲ್ಲ ಕಣಕ್ಕ. ಎತ್ತಕ್ಕಾಗಲ್ಲ ಅವನ್ನ. ಯಾರೂ ಬರ್ನಿಲ್ಲ ಅಲ್ಲಿಗೆ. ಕೂಗ್ದ, ಕೂಗ್ದ, ಯಾರ್ಗೂ ಕೇಳಿಸ್ನಿಲ್ಲ. ಅಲ್ಲೇ ಸತ್ತೋದ.”

ಹೇಳಿದ ಮೇಲೆ ಅವನಿಗೇ ಎಚ್ಚರವಾಯಿತು. ಯಾರ ಮುಂದೆ ಏನಂದೆ! ಹೆತ್ತವಳ ಮುಂದೆ, ಅವಳು ಎಡೆ ಕೂಡ ಇಡದೆ ಕಾಯುತ್ತಿರುವ ಮಗನನ್ನು ಸತ್ತ ಎಂದೆನಲ್ಲ. ಕಲ್ಲು ನಿಂತಿತು. ಅಕ್ಕ ಎದ್ದು ಬಂದು ಕೆನ್ನೆಗೆ ಬಾರಿಸುತ್ತಾಳೆ ಎಂದೇ ಅವನು ಕಾದ. ಬಾರಿಸಿದ್ದರೂ ಒಳ್ಳೆಯದಿತ್ತು.

“ಹ್ಞೂಂ” ಅಂದಳು ಚಿಕ್ಕಮಾದಮ್ಮ.

ಥಟ್ಟನೆ ಬಿದ್ದ ಹ್ಞೂಂ. ಒಪ್ಪಿಗೆಯದು. ಹುಟ್ಟಿದಾಗಿನಿಂದ ಕೇಳಿದವನಿಗೆ ಗುರುತು ಸಿಗದೆ ಇರುತ್ತದೆಯೇ? ನಂಜಯ್ಯ ತಲೆಯೆತ್ತಿದ. ಅಕ್ಕ ಗೂಟ ಹಿಡಿದ ಕೈಯನ್ನು ಬಿಟ್ಟು, ಸೆರಗಿನಲ್ಲಿ ಹಿಟ್ಟು ಒರೆಸಿಕೊಂಡು, ಗೋಡೆಯ ಕಡೆ ನೋಡುತ್ತಿದ್ದಳು.

“ಈಗ ನಾ ಕತೆ ಏಳ್ತೀನಿ” ಅಂದಳು. “ನೀ ಹ್ಞೂಂ ಅನ್ನು.”

ಜೀವಮಾನದಲ್ಲಿ ಒಂದೂ ಕತೆ ಹೇಳದವಳು ಅವತ್ತು ಹೇಳಿದಳು. ಎರಡು ಬೇಸಿಗೆ ಹಿಂದೆ ಕಾಳ್ಗಿಚ್ಚು ಬಿದ್ದು ಕಾಡಿನ ಆ ಮಗ್ಗುಲೆಲ್ಲ ಸುಟ್ಟಿತ್ತಲ್ಲ, ಆಗ ಪೊದೆ ಬೆಂದು ಹಳೆಯ ಆನೆಗುಂಡಿಯೊಂದು ಬಾಯಿ ಬಿಟ್ಟಿತ್ತು. ಜೇನು ಕೀಳುವ ಬೊಮ್ಮ ಆ ಕಡೆ ಹೋದವನು ಇಣುಕಿ ನೋಡಿದ್ದ. ಕೆಳಗೆ ಇಳಿದಿದ್ದ. ಯಾರಿಗೂ ಹೇಳದೆ, ನಡು ಮಧ್ಯಾಹ್ನ ಅವಳ ಹಿತ್ತಿಲ ಬಾಗಿಲಿಗೆ ಬಂದು, ಎಲೆಯಲ್ಲಿ ಸುತ್ತಿದ್ದನ್ನು ಕೊಟ್ಟಿದ್ದ. ಅಕ್ಕ ಎದ್ದು, ರಾಗಿ ತುಂಬಿದ ಗುಡಾಣದೊಳಗೆ ಮೊಣಕೈವರೆಗೂ ಕೈ ಹಾಕಿ, ಆ ಎಲೆಯ ಪೊಟ್ಟಣ ತೆಗೆದು ತಮ್ಮನ ಅಂಗೈಯಲ್ಲಿಟ್ಟಳು. ಎಳೆ ತಿರುಚಿದ ತಾಮ್ರದ ಕಡಕು. ವಾರ ವಾರವೂ ಅವನು ಚೆನ್ನನ ಕಿವಿಗೆ ಬರೆದದ್ದು ಅದನ್ನೇ.

“ಹ್ಞೂಂ ಅನ್ನಲಾ” ಅಂದಳು.

“ಹ್ಞೂಂ” ಅಂದ ನಂಜಯ್ಯ. ಮತ್ತೊಮ್ಮೆ ಅಂದ.

“ಮಣ್ ಎಳ್ದು ಮುಚ್ಬುಡಪ್ಪ ಬೊಮ್ಮ, ಯಾರ್ಗೂ ಏಳ್ಬ್ಯಾಡ ಅಂದೆ. ಮುಚ್ದ. ನೀ ಆಗ ಅವ ಈಜಾಡ್ತಾವ್ನೆ ಅಂತ ಬರೀತಿದ್ದೆ. ಜೇನು ತಿಂದ ಅಂತಿದ್ದೆ. ವಾರ ವಾರ ನೀ ಬಂದು ಏಳದ ಕೇಳ್ತಾ ಕೇಳ್ತಾ, ಅದೂ ಇರ್ಲಿ ಇದೂ ಇರ್ಲಿ ಅಂದ್ಕಂಡೆ. ಗುಡಾಣದಲ್ಲಿ ಅದು, ಗೋಡೆ ಮ್ಯಾಲೆ ಇದು. ನಿಂಗೇಳಿದ್ರೆ ನೀ ಬರ್ಯದ ನಿಲ್ಲುಸ್ಬುಡ್ತಿದ್ದೆ.”

“ಹ್ಞೂಂ.”

“ಆಮ್ಯಾಕೆ ನೀನೇ ಬಂದು ಗುಂಡಿಗೆ ಬಿದ್ದ ಅಂದ್ಬುಟ್ಟೆ. ಯಾರ್ ಏಳಿದ್ರು ನಿಂಗೆ?”

ಯಾರೂ ಹೇಳಿರಲಿಲ್ಲ. ಕಾಡಿನಂಚಿನಲ್ಲಿ ಬೆಳೆದವನಿಗೆ ಕಾಡಿನ ಕತೆಯಲ್ಲಿ ಮೊದಲು ನೆನಪಾಗುವುದೇ ಆನೆಗುಂಡಿ. ಕೈಗೆ ಸಿಕ್ಕಿತು, ಬರೆದ. ನಂಜಯ್ಯ ಕಡಕನ್ನು ಮುಷ್ಟಿಯಲ್ಲಿ ಹಿಡಿದು, ಅಕ್ಕನ ಕಾಲ ಬಳಿ ಮುಖ ಮುಚ್ಚಿಕೊಂಡು ಅತ್ತ. ರಾಚ ಹೋದಾಗ ಅಳದೆ ಉಳಿದದ್ದನ್ನೆಲ್ಲ ಸೇರಿಸಿ ಅತ್ತ. ಚಿಕ್ಕಮಾದಮ್ಮನೂ ಅತ್ತಳು. ರಸ್ತೆಯಲ್ಲಿ ಗುಂಡ್ಲುಪೇಟೆಯ ಬಸ್ಸು ಹಾರನ್ ಹೊಡೆದು, ನಿಂತು, ಹೋಯಿತು. ಅವನು ಏಳಲಿಲ್ಲ.

ಅಳು ನಿಂತ ಮೇಲೆ ಅವನು ಮೈಸೂರಿನವರ ಕಾಗದದ ವಿಚಾರ ಹೇಳಿದ. ಇನ್ನೊಬ್ಬರು ಬರೆಯುತ್ತಾರಂತೆ, ಹಗ್ಗ ಇಳಿಬಿಟ್ಟು ಬದುಕಿಸುತ್ತಾರಂತೆ. ಬದುಕಲಿ ಬಿಡು ಅಕ್ಕ, ಕಾಗದದಲ್ಲಾದರೂ ಬದುಕಲಿ, ನನ್ನ ಕೈ ಸೋತಿದೆ ಎಂದ.

“ಬ್ಯಾಡ” ಅಂದಳು. “ಕಿವಿ ಚುಚ್ಚುಸ್ದೋನು ನೀನು. ಮಣ್ಣಾಕದೂ ನೀನೇ. ಬೊಮ್ಮ ಆಕ್ದ ಮಣ್ಣು ಸಾಲಾಕಿಲ್ಲ ಕಣ್ಲಾ.”

‘ಕಾಡುಮರಿ ಚೆನ್ನ’ದ ಕೊನೆಯ ಪುಟವನ್ನು ನಂಜಯ್ಯ ಹಂಗಳದಲ್ಲೇ, ಬೀಸುವ ಕಲ್ಲಿನ ಪಕ್ಕ ಕೂತು ಬರೆದ. ಅಕ್ಕ ನೋಡುತ್ತ ಕೂತಿದ್ದಳು. ಕೈ ಎಲ್ಲಿಯೂ ನಿಲ್ಲಲಿಲ್ಲ. ಮೊದಲ ಚೌಕದಲ್ಲಿ ಹುಡುಗ ಮಂಡಿಗೆ ತಲೆ ಕೊಟ್ಟು ಮಲಗಿದ್ದಾನೆ. ಆಮೇಲಿನದರಲ್ಲಿ ಎರಡು ಕೈಗಳು ಮಣ್ಣು ಇಳಿಬಿಡುತ್ತಿವೆ. ಕೈಗಳ ಬೆರಳ ತುದಿಗೆ ಕಪ್ಪು. ಕೊನೆಯ ಚೌಕದಲ್ಲಿ ಗುಂಡಿಯೇ ಇಲ್ಲ. ಹಸಿರು ಬೆಳೆದ ನೆಲ, ಮೇಲೆ ದನಗಳು ಮೇಯುತ್ತಿವೆ.

ಪತ್ರಿಕೆಯವರು ಧೈರ್ಯ ಮಾಡಿ ಅಚ್ಚು ಹಾಕಿದರು. ಓದುಗರಿಂದ ಬೈಗುಳ ಬಂತೇ ಬಂತು. ಎಳೆ ಮಗುವನ್ನು ಕೊಂದ ಪಾಪಿ, ಮನುಷ್ಯನೋ ರಾಕ್ಷಸನೋ ಎಂದು ಬರೆದರು. ಬಸವಯ್ಯ ಮೇಷ್ಟ್ರಿಗೆ ಕಾಫಿ ಕೊಡುವಾಗ ಲೋಟ ಕುಕ್ಕಿದ. ಮುನಾವರ್ ಮಾತ್ರ ಪುಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಆ ಎರಡು ಕೈಗಳನ್ನೇ ನೋಡಿ, ಮಡಚಿಟ್ಟುಕೊಂಡ. ದಿನಚರಿಯ ನೋಟ್‌ಬುಕ್ಕಿನಲ್ಲಿ ಆಮೇಲೆ ನಂಜಯ್ಯ ಏನನ್ನೂ ಬರೆಯಲಿಲ್ಲ.

ಮಾರ್ನಮಿ ಅಮಾವಾಸ್ಯೆಗೆ ನಂಜಯ್ಯ ಹೆಂಡತಿಯ ಜೊತೆ ಹಂಗಳಕ್ಕೆ ಹೋದ. ಅಚ್ಚಾದ ಪುಟವನ್ನು ಅಕ್ಕನ ಕೈಗೆ ಕೊಟ್ಟ. ಅವಳು ಬೆರಳಿಟ್ಟು ಒಂದೊಂದೇ ಚೌಕ ನೋಡಿ, ಗಂಜಿ ಹಚ್ಚಿ, ಗೋಡೆಯಲ್ಲಿ ಉಳಿದಿದ್ದ ಜಾಗಕ್ಕೆ ಅಂಟಿಸಿದಳು. ಕೆಳಗೆ ಕಡಕನ್ನಿಟ್ಟಳು. ಅಪ್ಪ ಅವ್ವನಿಗೆ, ಗಂಡನಿಗೆ ಎಡೆ ಹಾಕಿದ ಮೇಲೆ ಇನ್ನೊಂದು ಬಾಳೆ ಎಲೆ ತಂದು ಆ ಪುಟದ ಮುಂದೆ ಹಾಸಿದಳು. ಮುದ್ದೆ, ಹುರುಳಿ ಸಾರು, ರಾಚನಿಗೆ ಇಷ್ಟವಾದ 
ಕಜ್ಜಾಯ. ಒಂದು ಎಲೆಗೆ ಹಿಡಿಸದಷ್ಟು ಬಡಿಸಿದಳು. ಮಹಾಲಕ್ಷ್ಮಮ್ಮ ನೀರಿನ ಚೊಂಬು ಇಟ್ಟಳು. ಬಾಗಿಲು ಎಳೆದುಕೊಂಡು ಮೂವರೂ ಜಗಲಿಯ ಮೇಲೆ ಬಂದು ಕೂತರು.

ಅಕ್ಕಪಕ್ಕದ ಮನೆಗಳಲ್ಲಿ, ಒಳಗೆ ಉಣ್ಣುವ ಸತ್ತವರಿಗೆ ತಿಳಿಯಲೆಂದು ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದು, ಊಟಕ್ಕೆ ಕೂತಿದ್ದೂ ಆಯಿತು. ಇಲ್ಲಿ ಅಕ್ಕ ಏಳಲಿಲ್ಲ. ಹೊತ್ತು ಇಳಿಯಿತು. ಮೇಯಲು ಹೋದ ದನಗಳು ಧೂಳೆಬ್ಬಿಸಿಕೊಂಡು ವಾಪಸ್ ಬಂದವು. ಇಷ್ಟು ಹೊತ್ತು ಸಾಕಲ್ಲವೇ, ತೆಗೆಯೋಣವಾ ಎಂದು ನಂಜಯ್ಯ ಮೆಲ್ಲಗೆ ಕೇಳಿ, ಅಗುಳಿಗೆ ಕೈ ಹಾಕಿದ.

ಚಿಕ್ಕಮಾದಮ್ಮ ಅವನ ಕೈ ಹಿಡಿದುಕೊಂಡಳು.

“ತಡೀಲಾ ನಂಜ” ಅಂದಳು. “ಮಗ ಎಷ್ಟೊರ್ಸದಿಂದ ಉಂಡಿಲ್ಲ.”